ನಾಲೆ ನೀರಿಗೆ ಸರಿ, ನಲ್ಲಿ ನೀರಿಗೆ ಬೇಡ: ಎರಡು ಇಂಚಿನ ಡಿಸ್ಕ್ ಫಿಲ್ಟರ್

ನಮ್ಮದು ತುಂಗಾ ಎಡದಂಡೆ ನಾಲೆಯ ಅಚ್ಚುಕಟ್ಟು. ಹಿಂದೆ ಗದ್ದೆ, ಈಗ ಅಡಿಕೆ. ನಾಲೆ ನೀರು ದಿನಾ ಸಿಗುವುದಿಲ್ಲ. ಬಂದಾಗ ಹೊಂಡ ತುಂಬಿಸಿಕೊಂಡು, ಅಲ್ಲಿಂದ ಮೋಟರಿನಲ್ಲಿ ಡ್ರಿಪ್‌ಗೆ ಬಿಡುತ್ತೇವೆ. ಹೊಂಡದ ನೀರು ಅಂದರೆ ಗೊತ್ತಲ್ಲ, ಪಾಚಿ, ಎಲೆ ಚೂರು, ಬಸವನಹುಳುವಿನ ಮರಿ ಎಲ್ಲಾ ಜೊತೆಗೇ ಬರುತ್ತವೆ. ಮೊದಲಿದ್ದ ಜಾಲರಿ ಫಿಲ್ಟರ್‌ಗೆ ಪಾಚಿ ಮೆತ್ತಿಕೊಂಡರೆ ಮುಗೀತು. ಒತ್ತಡಕ್ಕೆ ಎಳೆ ಎಳೆಯಾಗಿ ನುಸುಳಿ ಡ್ರಿಪ್ಪರ್ ಬಾಯಿ ಕಟ್ಟುತ್ತಿತ್ತು. ಅದಕ್ಕೇ ಡಿಸ್ಕ್ ಫಿಲ್ಟರ್ ಹಾಕಿಸಿದೆ. 120 ಮೆಶ್, ಅಂದರೆ ನೀರು ಹೋಗುವ ಸಂದಿ ಸುಮಾರು 130 ಮೈಕ್ರಾನ್ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್).

ಒಳಗಿರುವುದು ಕೆಂಪು ಪ್ಲಾಸ್ಟಿಕ್ ಬಿಲ್ಲೆಗಳು, ಬಳೆ ಪೇರಿಸಿದ ಹಾಗೆ ಒಂದರ ಮೇಲೊಂದು. ಪ್ರತಿ ಬಿಲ್ಲೆಯ ಎರಡೂ ಮೈಗೆ ಸಣ್ಣ ಸಣ್ಣ ಗೀರು. ಬಿಗಿದಾಗ ಗೀರಿನ ಮೇಲೆ ಗೀರು ಅಡ್ಡ ಕೂತು, ನೀರು ಆ ಸಂದಿಯಲ್ಲೇ ತೂರಿ ಹೋಗಬೇಕು. ಪಾಚಿ ಮೇಲ್ಮೈಯಲ್ಲಷ್ಟೇ ಅಲ್ಲ, ದಾರಿಯುದ್ದಕ್ಕೂ ಸಿಕ್ಕಿಕೊಳ್ಳುತ್ತದೆ. ತೊಳೆಯುವುದೂ ಸಲೀಸು. ಕ್ಲ್ಯಾಂಪ್ ಬಿಚ್ಚಿ, ಬಿಲ್ಲೆ ಸಡಿಲ ಮಾಡಿ ಪೈಪಿನ ನೀರು ಹಾಯಿಸಿದರೆ ಹಸಿರು ಲೋಳೆ ಜಾರಿ ಬೀಳುತ್ತದೆ. ತಂತಿ ಬ್ರಷ್ ಮಾತ್ರ ಮುಟ್ಟಿಸಬೇಡಿ, ಗೀರು ಸವೆದರೆ ಫಿಲ್ಟರ್ ಸತ್ತ ಹಾಗೇ.

ದೂರು ಇದೆ. ನೀರಿನ ಒತ್ತಡ ತೋರಿಸುವ ಪ್ರೆಶರ್ ಗೇಜ್ ಜೊತೆಯಲ್ಲಿ ಕೊಡಲಿಲ್ಲ, ನಾನೇ ಬೇರೆ ತಂದೆ. ಹಿಂದೊಂದು, ಮುಂದೊಂದು ಬೇಕೇ ಬೇಕು. ಎರಡರ ನಡುವೆ ಒತ್ತಡದಲ್ಲಿ ಅರ್ಧ ಕೆಜಿ (ಚದರ ಸೆಂಟಿಮೀಟರಿಗೆ) ವ್ಯತ್ಯಾಸ ಬಂತು ಅಂದರೆ ತೊಳೆಯುವ ಹೊತ್ತಾಯಿತು ಅಂತ. ಗೇಜ್ ಇಲ್ಲದೆ ಫಿಲ್ಟರ್ ಮಾರುವುದು ಯಾವ ನ್ಯಾಯವೋ! ಕ್ಲ್ಯಾಂಪಿನ ಬೋಲ್ಟ್ ಕೂಡ ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿಯಿತು.

ಪೇಟೆಯಲ್ಲಿರುವ ನನ್ನ ತಮ್ಮ ಕೇಳಿದ, "ಅಣ್ಣಾ, ಆಷಾಢದಲ್ಲಿ ನಲ್ಲಿ ನೀರು ಕೆಂಪಗೆ ಬರುತ್ತಲ್ಲ, ಇದನ್ನೇ ಮನೆಗೂ ಹಾಕಿಸಲಾ?" ಸುಮ್ನೆ ದುಡ್ಡು ದಂಡ ಅಂದೆ. ಆ ಕೆಂಪು ಜೇಡಿ ಮಣ್ಣಿನದು. ಜೇಡಿ ಕಣ ಎರಡು ಮೈಕ್ರಾನ್‌ಗಿಂತಲೂ ಸಣ್ಣದು, 130 ಮೈಕ್ರಾನ್ ಸಂದಿಯಲ್ಲಿ ಆರಾಮಾಗಿ ದಾಟುತ್ತದೆ. ಶೃಂಗೇರಿ, ತೀರ್ಥಹಳ್ಳಿ ಕಡೆಯ ಮಳೆ ಗುಡ್ಡದ ಮಣ್ಣನ್ನೆಲ್ಲಾ ತುಂಗಾ ಹೊಳೆಗೆ ತರುತ್ತದೆ, ತಮ್ಮನ ನಲ್ಲಿಗೆ ಬರುವುದೂ ಅದೇ ನೀರು. ಗಾಜನೂರಿನ ಅಣೆಕಟ್ಟೆಯಲ್ಲಿ ಹಿಡಿಯುವುದು 3.24 ಟಿಎಂಸಿ ಅಷ್ಟೆ. ಮಳೆ ಜೋರಾದರೆ ಬೇಗ ತುಂಬಿ ಗೇಟ್ ತೆಗೆಯುತ್ತಾರೆ, ಮಣ್ಣಿಗೆ ತಳ ಸೇರಲು ಪುರುಸೊತ್ತೆಲ್ಲಿ? ಲಕ್ಕವಳ್ಳಿಯ ಭದ್ರಾ ಹಾಗಲ್ಲ, 71.5 ಟಿಎಂಸಿ. ಅಷ್ಟು ನೀರು ನಿಂತರೆ ಮಣ್ಣು ತಾನಾಗಿ ಕೆಳಗೆ ಕೂರುತ್ತದೆ. ನಲ್ಲಿ ನೀರಿಗೆ ಪಟಿಕ ಹಾಕಬೇಕು. ಕಣಗಳು ಒಂದಕ್ಕೊಂದು ಅಂಟಿ ದಪ್ಪವಾಗಿ ತಳಕ್ಕೆ ಹೋಗಬೇಕು, ಆಮೇಲೆ ಮರಳಿನಲ್ಲಿ ಸೋಸಿ ಕ್ಲೋರಿನ್ ಹಾಕಬೇಕು. ಶುದ್ಧೀಕರಣ ಘಟಕದಲ್ಲಿ ಆಗಬೇಕಾದ ಕೆಲಸ ಅದು, ಮನೆ ಗೋಡೆಗೆ ತಿರುಪು ಹೊಡೆದು ಕೂರಿಸುವ ಡಬ್ಬಿಯದ್ದಲ್ಲ.

ತೋಟದಲ್ಲೂ ಅಷ್ಟೇ, ಕೆಂಪು ನೀರು ಬಂದರೆ ಡಿಸ್ಕ್ ತಡೆಯುವುದಿಲ್ಲ. ಆದರೆ ಆಗ ಮಳೆಯೇ ಇರುತ್ತದೆ, ಡ್ರಿಪ್ ಯಾರಿಗೆ ಬೇಕು? ಬೇಸಿಗೆಯ ಪಾಚಿಗೆ ನಾನು ಐದಕ್ಕೆ ನಾಲ್ಕು ಕೊಡುತ್ತೇನೆ. ತಮ್ಮ ಈಗ ತನ್ನ ಪಾಲಿನ ತೋಟಕ್ಕೂ ಒಂದು ಬೇಕು ಅನ್ನುತ್ತಿದ್ದಾನೆ. ಅವನ ಮೋಟರ್ ದೊಡ್ಡದು, ಎರಡು ಇಂಚು ಸಾಲದು, ಮೂರು ಇಂಚಿನದು ನೋಡಬೇಕು.