ಡಬ್ಬಿ ಗಿಟಾರ್ ಮಾಡೋರು ನೋಡಲೇಬೇಕಾದ ಚಿಕ್ಕಮಗಳೂರಿನ ಗುಜರಿ ಅಂಗಡಿ

ಸಿಗಾರ್ ಬಾಕ್ಸ್ ಗಿಟಾರ್ ಮಾಡಬೇಕು ಅಂತ ಆಸೆ ಇರುವವರು ಆನ್‌ಲೈನ್‌ನಲ್ಲಿ ಕಿಟ್ ಹುಡುಕುವ ಮೊದಲು ಬೇಲೂರು ರಸ್ತೆ ಕಡೆ ಒಂದು ರೌಂಡ್ ಹೋಗಿ ಬನ್ನಿ. ಅಲ್ಲೊಂದು ಗುಜರಿ ಅಂಗಡಿ ಇದೆ. ಹೆಸರಿನ ಬೋರ್ಡ್ ಇಲ್ಲ. ಗೋಡೆಗೆ ಒರಗಿಸಿಟ್ಟ ಹಳೆ ಬಾಗಿಲು, ಕಿಟಕಿ, ಪಕ್ಕದಲ್ಲಿ ದೊಡ್ಡ ತಕ್ಕಡಿ, ಇವೇ ಗುರುತು. ಊರಲ್ಲಿ ಗುಜರಿ ಅಂಗಡಿಗಳಿಗೇನೂ ಕಡಿಮೆ ಇಲ್ಲ. ಆದರೆ ಬೇರೆ ಕಡೆ ಎಲ್ಲ ಒಂದೇ ರಾಶಿ, ಕೈ ಹಾಕಿದರೆ ಬೈಗುಳ. ಇಲ್ಲಿ ಮರ ಒಂದು ಕಡೆ, ಡಬ್ಬಿ-ಪೆಟ್ಟಿಗೆ ಒಂದು ಕಡೆ, ಕಬ್ಬಿಣದ ಚಿಲ್ಲರೆ ಸಾಮಾನು ಇನ್ನೊಂದು ಕಡೆ. ಬೇಕಾದ್ದನ್ನು ಎತ್ತಿ, ತಟ್ಟಿ, ಕಿವಿ ಹತ್ತಿರ ಇಟ್ಟು ನೋಡಲು ಬಿಡುತ್ತಾರೆ. ಈ ಕೆಲಸಕ್ಕೆ ಅದೇ ಮುಖ್ಯ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಒಂದು ಮರದ ಡಬ್ಬಿ, ಅದರೊಳಗಿಂದ ಹಾದುಹೋಗುವ ಒಂದು ಉದ್ದನೆ ಕೋಲು, ಮೂರು ತಂತಿ. ಇಷ್ಟೇ ವಾದ್ಯ. ಅಮೆರಿಕದಲ್ಲಿ 19ನೇ ಶತಮಾನದ ನಡುವಿನಿಂದ ಸಿಗಾರ್‌ಗಳನ್ನು ಸಣ್ಣ ಮರದ ಪೆಟ್ಟಿಗೆಗಳಲ್ಲಿ ಮಾರಲು ಶುರು ಮಾಡಿದರು. ಖಾಲಿ ಪೆಟ್ಟಿಗೆಗಳು ಎಲ್ಲರ ಮನೆಗೂ ಬಂದವು. ಅಂಗಡಿಯ ವಾದ್ಯ ಕೊಳ್ಳಲು ದುಡ್ಡಿಲ್ಲದವರು ಅದಕ್ಕೇ ಕೋಲು ಸಿಕ್ಕಿಸಿ ತಂತಿ ಕಟ್ಟಿದರು. 1876ರ ಒಂದು ಚಿತ್ರದಲ್ಲಿ ಅಂತರ್ಯುದ್ಧದ ಕಾಲದ ಸೈನಿಕರ ಬಿಡಾರದಲ್ಲಿ ಒಬ್ಬ ಸಿಗಾರ್ ಪೆಟ್ಟಿಗೆಯಲ್ಲಿ ಮಾಡಿದ ಪಿಟೀಲು ನುಡಿಸುತ್ತಾ ಕೂತಿದ್ದಾನೆ. ಒಳ್ಳೆಯ ಸಿಗಾರ್ ಪೆಟ್ಟಿಗೆಗೆ ಬಳಸುವ ಮರಕ್ಕೆ ಸ್ಪ್ಯಾನಿಷ್ ಸೀಡರ್ ಅಂತ ಹೆಸರು, ಆದರೆ ಅದು ನಮ್ಮ ಬೇವು, ಮಹಾಗನಿಯ ಕುಟುಂಬಕ್ಕೆ ಸೇರಿದ್ದು. ಹಗುರ, ಒಣಗಿದ ಮರ, ನಾದ ಚೆನ್ನಾಗಿ ಕೊಡುತ್ತದೆ.

ನಮ್ಮೂರಲ್ಲಿ ಸಿಗಾರ್ ಪೆಟ್ಟಿಗೆ ಎಲ್ಲಿಂದ ಬರಬೇಕು? ಹಾಗಾಗಿ ಡಬ್ಬಿಯ ರಾಶಿ ಮುಂದೆ ಕೂರಬೇಕು. ಡ್ರೈ ಫ್ರೂಟ್ಸ್ ಬರುವ ಮರದ ಪೆಟ್ಟಿಗೆ, ಹಳೆ ರೇಡಿಯೋದ ಕವಚ, ಟೀ ಪೆಟ್ಟಿಗೆಯ ಪ್ಲೈವುಡ್, ಬಿಸ್ಕತ್ತಿನ ತಗಡಿನ ಡಬ್ಬ, ಎಲ್ಲವೂ ಸಿಗುತ್ತವೆ. ತಗಡಿನದ್ದು ಸದ್ದು ಜೋರು, ಆದರೆ ಸ್ವಲ್ಪ ಹೊತ್ತಿಗೇ ಕಿವಿಗೆ ಕಿರಿಕಿರಿ. ನನಗೆ ಇಲ್ಲಿ ಸಿಕ್ಕಿದ್ದರಲ್ಲಿ ಬೆಸ್ಟ್ ಅಂದರೆ ಹಳೆ ಹೊಲಿಗೆ ಯಂತ್ರದ ಡ್ರಾಯರ್. ಯಂತ್ರ ತೂಕಕ್ಕೆ ಹೋಗಿರುತ್ತದೆ, ಡ್ರಾಯರ್ ಮಾತ್ರ ಮೂಲೆಯಲ್ಲಿ ಬಿದ್ದಿರುತ್ತದೆ. ನಾಲ್ಕು ಮೂಲೆಯಲ್ಲೂ ಹಲ್ಲು ಹಲ್ಲು ಜೋಡಿಸಿದ ಕೆಲಸ, ಎಷ್ಟು ವರ್ಷ ಆದರೂ ಅಲ್ಲಾಡಿಲ್ಲ. ತಳ ತೆಳ್ಳಗಿದೆ, ಬೆರಳ ಗೆಣ್ಣಿನಿಂದ ತಟ್ಟಿದರೆ ಸದ್ದು ತಕ್ಷಣ ಸಾಯುವುದಿಲ್ಲ, ಸ್ವಲ್ಪ ಹೊತ್ತು ನಿಲ್ಲುತ್ತದೆ. ಆ ತಳವನ್ನೇ ಮೇಲ್ಮುಖ ಮಾಡಿ, ತೆರೆದಿರುವ ಬಾಯಿಗೆ ಹಿಂದಿನಿಂದ ಪ್ಲೈವುಡ್ ಹೊಡೆದರೆ ಡಬ್ಬಿ ರೆಡಿ. ಇದಕ್ಕೆ ಕೊಟ್ಟಿದ್ದು 60 ರೂಪಾಯಿ.

ಡಬ್ಬಿ ಆರಿಸುವಾಗ ಕುಟ್ಟೆ ಹಿಡಿದಿದೆಯಾ ನೋಡಿ. ಸಣ್ಣ ಸಣ್ಣ ತೂತು, ತಟ್ಟಿದರೆ ಹಿಟ್ಟಿನಂಥ ಪುಡಿ ಉದುರಿದರೆ ಬೇಡವೇ ಬೇಡ. ಒಮ್ಮೆ ನಾನು ತಂದ ಪೆಟ್ಟಿಗೆಯಲ್ಲಿ ಮಾರನೇ ದಿನ ಪುಡಿ ಕಾಣಿಸಿತು. ವಾಪಸ್ ತಗೊಂಡು ಹೋದೆ. ಅಂಗಡಿಯವರು ಒಂದು ಮಾತೂ ಆಡದೆ "ಬೇರೆ ತಗೊಳ್ಳಿ ಅಕ್ಕ" ಅಂದರು. ಗುಜರಿ ಅಂಗಡಿಯಲ್ಲಿ ಬದಲಾಯಿಸಿ ಕೊಡುವವರು ಎಷ್ಟು ಜನ ಇದ್ದಾರೆ ಹೇಳಿ?

ಇನ್ನು ಕೋಲಿನ ವಿಷಯ. ಈ ಅಂಗಡಿ ನನಗೆ ಇಷ್ಟವಾಗಲು ದೊಡ್ಡ ಕಾರಣವೇ ಇದು. 3 ಅಡಿ ಉದ್ದ, ಒಂದೂವರೆ ಇಂಚು ಅಗಲ, ಮುಕ್ಕಾಲು ಇಂಚು ದಪ್ಪದ ನೇರವಾದ ರೀಪು ಬೇಕು. ಮೂರು ತಂತಿ ಬಿಗಿದರೆ 20 ಕೆ.ಜಿ.ಗಿಂತ ಜಾಸ್ತಿ ಎಳೆತ ಬೀಳುತ್ತದೆ, ಮೆತ್ತನೆ ಮರ ಆದರೆ ಕೆಲವೇ ವಾರದಲ್ಲಿ ಬಿಲ್ಲಾಗುತ್ತದೆ. ನಮ್ಮ ಕಡೆ ಸುಲಭಕ್ಕೆ ಸಿಗುವುದು ಸಿಲ್ವರ್ ಓಕ್. ಕಾಫಿ ತೋಟದಲ್ಲಿ ನೆರಳಿಗೆ ಹಾಕಿ, ಮೆಣಸಿನ ಬಳ್ಳಿ ಹಬ್ಬಿಸುತ್ತಾರಲ್ಲ, ಅದೇ. ಹೆಸರಲ್ಲಿ ಓಕ್ ಇದೆ, ನಿಜವಾದ ಓಕ್ ಜಾತಿಯಲ್ಲ, ಆಸ್ಟ್ರೇಲಿಯಾದಿಂದ ಬಂದ ಮರ. ಸರಿಯಾಗಿ ಕೊಯ್ದರೆ ಮೈಮೇಲೆ ಲೇಸಿನಂಥ ಚಂದದ ಗೆರೆ ಬರುತ್ತದೆ. ಡಬ್ಬಿಯ ಪಕ್ಕಗಳಿಗೆ ಇದು ತುಂಬಾ ಚೆನ್ನ. ಆದರೆ ಮಿಲ್ಲಿನಿಂದ ಬರುವ ತುಂಡು ಸಾಮಾನ್ಯವಾಗಿ ಹಸಿ, ಕೋಲಿಗೆ ನಾನು ಹಾಕುವುದಿಲ್ಲ.

ಕೋಲಿಗೆ ಬೇಕಾದ್ದು ಹಳೆ ಮನೆ ಕೆಡವಿದಾಗ ಬಂದ ತೇಗದ ಕಿಟಕಿ. ದಶಕಗಳ ಕಾಲ ಬಿಸಿಲು ಮಳೆ ಕಂಡು, ತಿರುಚುವುದಿದ್ದರೆ ಆಗಲೇ ತಿರುಚಿ ಮುಗಿದಿರುತ್ತದೆ. ಈ ಅಂಗಡಿಯಲ್ಲಿ ಕಿಟಕಿಯ ಪಟ್ಟಿಗಳನ್ನು ಬಿಡಿಬಿಡಿಯಾಗಿ ಕೊಡುತ್ತಾರೆ. ನನ್ನ ಪಟ್ಟಿಯ ಮೇಲೆ ಮೂರು ಪದರ ಬಣ್ಣ ಇತ್ತು. ಮೇಲೆ ಬಿಳಿ, ಅದರ ಕೆಳಗೆ ಹಸಿರು, ಅದರ ಕೆಳಗೆ ಕಾವಿಯಂಥ ಕೆಂಪು. ಉಜ್ಜುಗೊರಡು ಹಾಕಿದ ಮೇಲೆ ಜೇನಿನ ಬಣ್ಣದ ಮರ ಹೊರಗೆ ಬಂತು, ಎಣ್ಣೆ ವಾಸನೆ ಮನೆಯೆಲ್ಲ ತುಂಬಿತು. ಮೊಳೆ ಇದ್ದ ಜಾಗದ ಸುತ್ತ ಕಪ್ಪು ಕಲೆ ಉಳಿದಿದೆ, ಕಬ್ಬಿಣವೂ ಮರದ ಒಗರೂ ಸೇರಿ ಆಗುವ ಕಲೆ ಅದು. ಉಪ್ಪು ಕಾಗದಕ್ಕೆ ಹೋಗುವುದಿಲ್ಲ. ನಾನು ಹಾಗೇ ಬಿಟ್ಟಿದ್ದೇನೆ. ಸರಿಯಾಗಿ ಏಳನೇ ಮನೆಯ (ಸ್ವರಕ್ಕೆ ತಂತಿ ಒತ್ತುವ ಜಾಗ, ಫ್ರೆಟ್) ಹತ್ತಿರ ಬಂದಿದೆ, ನುಡಿಸುವಾಗ ಕಣ್ಣಿಗೆ ಗುರುತೂ ಆಯಿತು.

ಬೀಟೆಯ ತುಂಡು ಕೇಳುವವರೂ ಇದ್ದಾರೆ. ಹಳೆ ಕುರ್ಚಿಯ ಮುರಿದ ಕೈ ಸಿಕ್ಕರೆ ಬ್ರಿಡ್ಜ್‌ಗೆ, ಅಂದರೆ ಡಬ್ಬಿಯ ಮೇಲೆ ತಂತಿಯನ್ನು ಎತ್ತಿ ಹಿಡಿಯುವ ತುಂಡಿಗೆ, ಅದ್ಭುತ. ಆದರೆ ಬೀಟೆ ಸಾಗಾಟಕ್ಕೆ ಅರಣ್ಯ ಇಲಾಖೆಯ ನಿಯಮಗಳಿವೆ, ಹೊಸ ಹಸಿ ತುಂಡನ್ನು ಯಾರು ಕೊಟ್ಟರೂ ಮುಟ್ಟಬೇಡಿ. ಹಲಸು ಸಿಕ್ಕರೆ ಮಾತ್ರ ಬಿಡಬೇಡಿ, ನಮ್ಮ ವೀಣೆ ಮಾಡುವುದೇ ಅದರಲ್ಲಿ ಅಲ್ವಾ.

ಚಿಲ್ಲರೆ ಸಾಮಾನಿನ ಡಬ್ಬ ಇನ್ನೊಂದು ನಿಧಿ. ಮೈತುಂಬ ತಿರುಪಿನ ಗೆರೆ ಇರುವ ದಪ್ಪ ಬೋಲ್ಟ್ ಬ್ರಿಡ್ಜ್ ಆಗುತ್ತದೆ, ತಂತಿ ಆ ಗೆರೆಯಲ್ಲೇ ಕೂತು ಜಾರದೆ ನಿಲ್ಲುತ್ತದೆ. ಸಣ್ಣದೊಂದು ಬೋಲ್ಟ್ ತಲೆಯ ಕಡೆಗೆ. ಬಾಗಿಲಿನ ಹಿಂಜಸ್ ತಂತಿ ಕಟ್ಟುವ ಬಾಲಕ್ಕೆ. ಸಿಂಕಿನ ಸ್ಟೀಲ್ ಜಾಲರಿ ಸದ್ದಿನ ತೂತಿಗೆ. ಜಿಐ ಪೈಪಿನ ಒಂದು ತುಂಡು ಬೆರಳಿಗೆ ಹಾಕಿ ತಂತಿ ಮೇಲೆ ಜಾರಿಸಲು, ಅಂಚು ಮಾತ್ರ ಚೆನ್ನಾಗಿ ಉಜ್ಜಿಕೊಳ್ಳಿ. ಬೈಂಡಿಂಗ್ ವೈರ್ ಅಲ್ಲೇ ಸಿಗುತ್ತದೆ ಅಂತ ತಂತಿಗೆ ತರಬೇಡಿ. ಅದು ಮೆತ್ತನೆಯದು, ಎಳೆದಷ್ಟೂ ಉದ್ದ ಆಗುತ್ತದೆ, ಶ್ರುತಿ ನಿಲ್ಲುವುದಿಲ್ಲ. ತಂತಿ ಮಾತ್ರ ಮ್ಯೂಸಿಕ್ ಅಂಗಡಿಯಲ್ಲೇ ಕೊಳ್ಳಿ. ಮಾಮೂಲಿ ಗಿಟಾರ್ ಸೆಟ್ಟಿನ 5, 4, 3ನೇ ತಂತಿ ಸಾಕು. ಐದನೆಯದನ್ನು ಎ ಇಂದ ಜಿ ಗೆ ಇಳಿಸಿ, ಉಳಿದೆರಡು ಡಿ, ಜಿ ಹಾಗೇ ಇರಲಿ. ನಮ್ಮ ಲೆಕ್ಕದಲ್ಲಿ ಸ, ಪ, ಮೇಲಿನ ಸ. ಹಾಗಾಗಿ ಸುಮ್ನೆ ಮೀಟಿದರೂ ತಂಬೂರಿ ಹಿಡಿದ ಹಾಗೆ ಕಿವಿ ತುಂಬುತ್ತದೆ.

ಮುರಿದ ಗಿಟಾರ್ ಆಗಾಗ ಇಲ್ಲಿಗೆ ಬರುತ್ತದೆ. ತಂತಿ ಬಿಗಿಯುವ ಕೀಗಳಿಗಾಗಿ ಅದನ್ನು ಕಾಯಬೇಕು. ಒಂದು ಗಿಟಾರಿನ ಆರು ಕೀಯಲ್ಲಿ ಎರಡು ಡಬ್ಬಿ ಗಿಟಾರ್ ಆಗುತ್ತವೆ. ಬೇಸರ ಏನೆಂದರೆ ಕೀ ಮಾತ್ರ ಬಿಚ್ಚಿ ಕೊಡುವುದಿಲ್ಲ, ಪೂರ್ತಿ ಗಿಟಾರೇ ತಗೋಬೇಕು. ಅದರ ಬೆಲೆ ಆಯಾ ದಿನದ ಮೂಡ್ ಮೇಲೆ, ಒಮ್ಮೆ 150, ಇನ್ನೊಮ್ಮೆ 400. ಮರ, ಡಬ್ಬಿಗೆ ನ್ಯಾಯವಾದ ರೇಟ್ ಹೇಳುವವರು ಇಲ್ಲಿ ಮಾತ್ರ ಯಾಕೆ ಹೀಗೆ ಮಾಡುತ್ತಾರೋ. ಚೌಕಾಸಿ ಮಾಡಿ.

ಕರೆಂಟಿನ ಗಿಟಾರ್ ಬೇಕು ಅನ್ನುವವರು ಹಳೆ ಲ್ಯಾಂಡ್‌ಲೈನ್ ಫೋನುಗಳ ರಾಶಿ ಕೆದಕಿ. ಬಟನ್ ಒತ್ತುವ ಹಲವು ಫೋನುಗಳ ಒಳಗೆ ರಿಂಗ್ ಆಗುವ ಒಂದು ಹಿತ್ತಾಳೆ ಬಿಲ್ಲೆ ಇರುತ್ತದೆ, ನಡುವೆ ಬಿಳಿ ಪಿಂಗಾಣಿ ಪದರ. ಅದೇ ಪೀಜೋ. ಕರೆಂಟ್ ಕೊಟ್ಟರೆ ಸದ್ದು ಮಾಡುವ ಈ ಬಿಲ್ಲೆ, ಅದುರಿಸಿದರೆ ತಿರುಗಿ ಕರೆಂಟ್ ಕೊಡುತ್ತದೆ. ಡಬ್ಬಿಯ ಮುಚ್ಚಳದ (ತಂತಿಯ ಕೆಳಗೆ ಬರುವ ಮೇಲ್ಮುಖದ) ಒಳಬದಿಗೆ ಅಂಟಿಸಿ, ಎರಡು ವೈರನ್ನು ಕೇಬಲ್ ಸಿಕ್ಕಿಸುವ ಜ್ಯಾಕ್‌ಗೆ ಬೆಸುಗೆ ಹಾಕಿದರೆ ಆಂಪ್ಲಿಫೈಯರ್‌ಗೆ ನೇರ ಹಾಕಬಹುದು. ಬೆಸುಗೆ ಬೇಗ ಮುಗಿಸಿ, ಹೆಚ್ಚು ಹೊತ್ತು ಕಾಸಿದರೆ ಬಿಳಿ ಪದರ ಕಿತ್ತು ಬರುತ್ತದೆ.

ಒಂದು ಮಾತು ಮಾತ್ರ ನೆನಪಿಡಿ, ಎಷ್ಟೋ ಜನ ಇದನ್ನು ಬಿಡುತ್ತಾರೆ. ಡಬ್ಬಿಯೊಳಗೆ ಹೋಗುವ ಕೋಲು ಮುಚ್ಚಳಕ್ಕೆ ತಾಗಬಾರದು. ಆ ಭಾಗವನ್ನು 4-5 ಮಿ.ಮೀ. ತಗ್ಗಿಸಿ ಕೆತ್ತಿ. ತಾಗಿದರೆ ಮುಚ್ಚಳ ಅದುರುವುದಿಲ್ಲ, ಎಂಥ ಒಳ್ಳೆ ಡಬ್ಬಿಯೂ ಮೂಕವಾಗುತ್ತದೆ. ಮನೆಗಳ ಗೆರೆ ಎಳೆಯಲು ತಂತಿಯ ಉದ್ದವನ್ನು 17.817ರಿಂದ ಭಾಗಿಸಿ, ಉಳಿದ ಉದ್ದವನ್ನು ಮತ್ತೆ ಅದರಿಂದಲೇ ಭಾಗಿಸುತ್ತಾ ಹೋಗಿ. ತಂತಿ 635 ಮಿ.ಮೀ. ಇದ್ದರೆ ಮೊದಲ ಗೆರೆ ತಲೆಯ ಕಡೆಯ ಬೋಲ್ಟಿನಿಂದ 35.6ಕ್ಕೆ, ಹನ್ನೆರಡನೆಯದು ಸರಿಯಾಗಿ ಅರ್ಧ, 317.5ಕ್ಕೆ.

ಅಂಗಡಿಯ ಕುಂದು ಅಂದರೆ ಮಳೆಗಾಲ. ಮೇಲಿನ ಶೀಟು ಅರ್ಧ ಜಾಗಕ್ಕೆ ಮಾತ್ರ ಇದೆ, ಜೂನ್‌ನಿಂದ ಹೊರಗಿನ ಮರವೆಲ್ಲ ನೆನೆದು ಕೂತಿರುತ್ತದೆ. ಆಗ ತಂದರೆ ಒಣಗಿಸುವುದರಲ್ಲೇ ತಿಂಗಳುಗಳು ಹೋಗುತ್ತವೆ. ಜನವರಿಯಿಂದ ಮಾರ್ಚ್ ಒಳ್ಳೆಯ ಕಾಲ. ಬೆಳಿಗ್ಗೆ ಬೇಗ ಹೋಗಿ, ಮಧ್ಯಾಹ್ನ ಆದರೆ ಲೋಡ್ ಇಳಿಸುವ ಗಲಾಟೆಯಲ್ಲಿ ತಟ್ಟಿ ಕೇಳಲು ಆಗುವುದಿಲ್ಲ. ಇಂಚ್ ಟೇಪ್, ಮುರಿದ ಮೊಳೆ ಪತ್ತೆಗೆ ಒಂದು ಆಯಸ್ಕಾಂತ, ದಪ್ಪ ಗ್ಲೌಸ್ ಇರಲಿ. ಫೋನ್‌ನಲ್ಲಿ ದುಡ್ಡು ತಗೊಳ್ಳುತ್ತಾರೆ, ಚೀಟಿ ಕೊಡುವುದಿಲ್ಲ.