ಸಕ್ಯುಲೆಂಟ್ ಗೊಬ್ಬರ: ಎರಡೂವರೆ ವರ್ಷ ಆಯ್ತು, ಬಾಟಲಿ ಇನ್ನೂ ಮುಗಿದಿಲ್ಲ

ಎರಡೂವರೆ ವರ್ಷದ ಹಿಂದೆ 250 ಮಿ.ಲೀ.ನ ಒಂದು ಬಾಟಲಿ ತಂದೆ. ಕಳ್ಳಿ ಮತ್ತು ಸಕ್ಯುಲೆಂಟ್ (ದಪ್ಪ ಎಲೆ, ಕಾಂಡಗಳಲ್ಲಿ ನೀರು ಕೂಡಿಟ್ಟುಕೊಳ್ಳುವ) ಗಿಡಗಳಿಗೆಂದೇ ಮಾಡಿದ ದ್ರವ ಗೊಬ್ಬರ. ಮನೆಯಲ್ಲಿ 12 ಚಿಕ್ಕ ಕುಂಡಗಳಿವೆ: ಜೇಡ್, ಲೋಳೆಸರ, ಹಾವರ್ಥಿಯಾ, ಎಚೆವೆರಿಯಾ, ಒಂದೆರಡು ಸೀಡಮ್. ಇಷ್ಟು ದಿನ ಹಾಕಿದ ಮೇಲೂ ಬಾಟಲಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಉಳಿದಿದೆ. ಹಾಗಂತ ಗೊಬ್ಬರ ಹಿಡಿಸದೆ ಮೂಲೆಗೆ ಹಾಕಿದ್ದಲ್ಲ. ಗೊಬ್ಬರ ಚೆನ್ನಾಗಿಯೇ ಇದೆ. ಆದರೆ ಲೇಬಲ್‌ನಲ್ಲಿ ಹೇಳಿದಷ್ಟು ಈ ಗಿಡಗಳಿಗೆ ಬೇಕಾಗಿಯೇ ಇಲ್ಲ. ಇಷ್ಟು ತಿಳಿಯುವ ಹೊತ್ತಿಗೆ ನನ್ನ ಒಂದು ಎಚೆವೆರಿಯಾ ಹೋಗಿತ್ತು.

ಬಾಟಲಿ ಮೇಲೆ 2-7-7 ಅಂತ ಇದೆ, ಇದು ಪೋಷಕಾಂಶಗಳ ಶೇಕಡಾ ಲೆಕ್ಕ. ಮೊದಲನೆಯದು ಸಾರಜನಕ, ಎರಡನೆಯದು ರಂಜಕ, ಮೂರನೆಯದು ಪೊಟ್ಯಾಶ್. ಎಲೆ ಸೊಂಪಾಗಿ ಬರಲಿ ಅಂತ ಕೊಡುವ ಗೊಬ್ಬರಗಳಲ್ಲಿ ಮೊದಲ ಅಂಕಿಯೇ ದೊಡ್ಡದಿರುತ್ತದೆ. ಇಲ್ಲಿ ಅದೇ ಚಿಕ್ಕದು, ನನಗೆ ಇಷ್ಟವಾಗಿದ್ದೂ ಅದೇ. ಸಾರಜನಕ ಜಾಸ್ತಿಯಾದರೆ ಸಕ್ಯುಲೆಂಟ್ ಬೇಗ ಬೇಗ ಬೆಳೆಯುತ್ತದೆ, ಆದರೆ ಮೈಯೆಲ್ಲಾ ಮೆತ್ತಗೆ. ಅಂಥ ಎಳೆ ಚಿಗುರು ಕಂಡರೆ ಹಿಟ್ಟು ತಿಗಣೆಗೆ ಹಬ್ಬ. ಇನ್ನು ಆ ರಂಜಕದ 7 ನೋಡಿ ಬೆರಗಾಗಬೇಡಿ. ಅದನ್ನು ಆಕ್ಸೈಡ್ ಲೆಕ್ಕದಲ್ಲಿ ಬರೆಯುವ ರೂಢಿ ಇದೆ. ಆ ಲೆಕ್ಕ ಬಿಡಿಸಿದರೆ ನಿಜವಾದ ರಂಜಕ ಸುಮಾರು 3 ಮಾತ್ರ.

ಈಗ ಎಚೆವೆರಿಯಾ ಕಥೆ. ಲೀಟರ್ ನೀರಿಗೆ 5 ಮಿ.ಲೀ., ವಾರಕ್ಕೊಮ್ಮೆ ಅಂತ ಲೇಬಲ್ ಹೇಳಿತು. ನಾನೂ ಸುಮ್ನೆ ಹಾಗೇ ಮಾಡಿದೆ. ಮೊದಲ ತಿಂಗಳು ಎಲ್ಲವೂ ಮಿರಮಿರ ಮಿಂಚುತ್ತಿದ್ದವು, ನಾನು ಬೀಗುತ್ತಿದ್ದೆ. ಎರಡನೇ ತಿಂಗಳು ಮುಗಿಯುವಾಗ ಎಚೆವೆರಿಯಾದ ಎಲೆ ತುದಿಗಳು ಸುಟ್ಟ ಕಾಗದದ ಅಂಚಿನ ಹಾಗೆ ಕಂದಾದವು. ನೀರು ಸಾಲದೇನೋ ಅಂದುಕೊಂಡು ಇನ್ನೊಂದು ಸುತ್ತು ಗೊಬ್ಬರದ ನೀರನ್ನೇ ಹಾಕಿದೆ. ದಡ್ಡತನ. ಮಣ್ಣಿನ ಮೇಲೆ ತೆಳ್ಳಗೆ ಬಿಳಿ ಹೊಪ್ಪಳೆ ಕಟ್ಟಿತ್ತು, ಉಗುರಿನಿಂದ ಕೆರೆದರೆ ಪುಡಿಪುಡಿಯಾಗಿ ಏಳುತ್ತಿತ್ತು. ಮಣ್ಣಿನ ಕುಂಡದ ಹೊರಮೈ ಮೇಲೂ ಅದೇ ಬಿಳಿ ಕಲೆ. ಕೊನೆಗೆ ಗಿಡ ಕಿತ್ತು ನೋಡಿದೆ. ಬೇರು ಪೂರ್ತಿ ಕಂದು ದಾರದಂತಾಗಿ, ಮುಟ್ಟಿದರೆ ಉದುರುತ್ತಿತ್ತು.

ಆಗಿದ್ದು ಇಷ್ಟು. ಗೊಬ್ಬರ ಅಂದರೆ ಕೊನೆಗೆ ಉಪ್ಪುಗಳೇ. ಗಿಡ ಬಳಸಿಕೊಳ್ಳದೆ ಬಿಟ್ಟದ್ದು ಮಣ್ಣಲ್ಲೇ ಉಳಿಯುತ್ತದೆ. ಅದು ಜಾಸ್ತಿಯಾದರೆ ಬೇರಿಗೆ ನೀರು ಎಳೆದುಕೊಳ್ಳಲು ಆಗುವುದಿಲ್ಲ, ಬೇರಿನಲ್ಲಿದ್ದ ನೀರೂ ಹೊರಗೆ ಹೋಗುತ್ತದೆ. ಒಣಗಿದ ಮಣ್ಣಿಗೆ ನೇರವಾಗಿ ಗೊಬ್ಬರ ಸುರಿದರೆ ಪೆಟ್ಟು ಇನ್ನೂ ಜೋರು. ನಾನು ಪ್ರತಿ ಸಲ ಮಾಡಿದ್ದು ಅದನ್ನೇ. ಈ ಗಿಡಗಳ ಬೆಳವಣಿಗೆ ಮೊದಲೇ ನಿಧಾನ. ನೀರು ಉಳಿಸಲು ಹಗಲಲ್ಲಿ ಎಲೆಯ ರಂಧ್ರ ಮುಚ್ಚಿಕೊಂಡು ರಾತ್ರಿ ಉಸಿರಾಡುವ ಜಾತಿ ಇವು. ಇಂಥವಕ್ಕೆ ವಾರವಾರವೂ ಊಟ ಬಡಿಸಿದರೆ ಎಲ್ಲಿ ಅರಗಬೇಕು?

ಉಳಿದ ಕುಂಡಗಳನ್ನು ತೊಳೆದು ಉಳಿಸಿಕೊಂಡೆ. ಒಂದೊಂದನ್ನೇ ಸಿಂಕಿನಲ್ಲಿಟ್ಟು ನಲ್ಲಿ ಸಣ್ಣಗೆ ಬಿಟ್ಟೆ. ಕುಂಡದ ಮೂರ್ನಾಲ್ಕು ಪಟ್ಟು ನೀರು ಕೆಳಗಿನ ತೂತಿನಿಂದ ಹರಿದುಹೋಗಬೇಕು. ಮೊದಲು ಕಂದು ಬಣ್ಣದ ನೀರು ಬಂತು, ಆಮೇಲೆ ತಿಳಿಯಾಯ್ತು. ಆಮೇಲೆ ಮಣ್ಣು ಪೂರ್ತಿ ಒಣಗುವ ತನಕ ಮುಟ್ಟಲಿಲ್ಲ. ಕುಂಡಕ್ಕೆ ತೂತೇ ಇಲ್ಲ ಅಂದರೆ ಇದನ್ನು ಮಾಡುವ ಹಾಗಿಲ್ಲ, ಅಂಥ ಕುಂಡಕ್ಕೆ ದ್ರವ ಗೊಬ್ಬರದ ಯೋಚನೆಯೇ ಬೇಡ.

ಈಗಿನ ಪದ್ಧತಿ ಬೇರೆ. ಲೀಟರಿಗೆ 2.5 ಮಿ.ಲೀ., ತಿಂಗಳಿಗೆ ಒಂದೇ ಸಲ, ಅದೂ ಹೊಸ ಎಲೆ ಬಿಡುವ ಕಾಲದಲ್ಲಿ ಮಾತ್ರ. ಹಿಂದಿನ ದಿನ ಬರೀ ನೀರು ಹಾಕಿರುತ್ತೇನೆ. ಚಳಿಗಾಲದಲ್ಲಿ ಪೂರ್ತಿ ರಜೆ. ಹಾವರ್ಥಿಯಾ ಮಾತ್ರ ಕಡು ಬೇಸಿಗೆಯಲ್ಲೂ ಸುಮ್ಮನೆ ಕೂತುಬಿಡುತ್ತದೆ, ಆಗ ಅದಕ್ಕೂ ಕೊಡುವುದಿಲ್ಲ. ಹೊಸ ಮಣ್ಣಿಗೆ ಹಾಕಿದ ಗಿಡಕ್ಕೆ ಎರಡು ಮೂರು ತಿಂಗಳು ಏನೂ ಬೇಡ. ಕಾಯಿಲೆ ಬಿದ್ದ ಗಿಡಕ್ಕಂತೂ ಬೇಡವೇ ಬೇಡ, ಗೊಬ್ಬರ ಔಷಧಿ ಅಲ್ಲ.

ಗೊಬ್ಬರ ನಿಜವಾಗಿ ಕೆಲಸ ಮಾಡುತ್ತದಾ ಅಂತ ನನಗೂ ಅನುಮಾನ ಇತ್ತು. ಅದಕ್ಕೆ ಒಂದೇ ಜೇಡ್ ಗಿಡದಿಂದ ಎರಡು ಕಡ್ಡಿ ಮುರಿದು, ಒಂದೇ ಅಳತೆಯ ಕುಂಡಗಳಲ್ಲಿ, ಒಂದೇ ಕಿಟಕಿಯಲ್ಲಿಟ್ಟೆ. ಬೆಳಕು ಸಮನಾಗಿರಲಿ ಅಂತ ವಾರಕ್ಕೊಮ್ಮೆ ಜಾಗ ಅದಲು ಬದಲು ಮಾಡುತ್ತಿದ್ದೆ. ಬೇರು ಬಿಟ್ಟ ಮೇಲೆ ಒಂದಕ್ಕೆ ಅರ್ಧ ಡೋಸ್, ಇನ್ನೊಂದಕ್ಕೆ ಬರೀ ನೀರು. ಒಂದು ವರ್ಷ ಕಳೆದಾಗ ಗೊಬ್ಬರ ತಿಂದದ್ದು ನಾಲ್ಕು ಕವಲು ಒಡೆದಿತ್ತು, ಬುಡವೂ ದಪ್ಪ. ಇನ್ನೊಂದರಲ್ಲಿ ಎರಡೇ ಕವಲು. ಆದರೆ ಅದರ ಎಲೆಯೂ ಹಸಿರಾಗಿ, ಗಟ್ಟಿಯಾಗಿಯೇ ಇತ್ತು. ಪಕ್ಕಪಕ್ಕ ಇಡದಿದ್ದರೆ ವ್ಯತ್ಯಾಸ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಎರಡೇ ಗಿಡ ನೋಡಿ ದೊಡ್ಡ ತೀರ್ಪು ಕೊಡೋಕಾಗಲ್ಲ, ಆದರೂ ನನ್ನ ಅನುಮಾನ ಹೋಯ್ತು.

ಬೆಳಕಿನ ಕೊರತೆಯನ್ನು ಗೊಬ್ಬರ ತುಂಬುವುದಿಲ್ಲ, ಇದಕ್ಕೂ ನನ್ನ ಹತ್ತಿರ ಸಾಕ್ಷಿ ಇದೆ. ಕಿಟಕಿಯಿಂದ ದೂರ ಇಟ್ಟಿದ್ದ ಸೀಡಮ್ ಉದ್ದಕ್ಕೆ ಜೋತು, ಎಲೆ ಎಲೆಯ ನಡುವೆ ಬೆರಳಗಲ ಜಾಗ ಬಿಟ್ಟುಕೊಂಡಿತ್ತು. ಶಕ್ತಿ ಸಾಲದೇನೋ ಅಂತ ಗೊಬ್ಬರ ಕೊಟ್ಟೆ. ಇನ್ನಷ್ಟು ಜೋತುಬಿತ್ತು! ಕಿಟಕಿಗೆ ತಂದ ಮೇಲೆ ಹೊಸ ಎಲೆಗಳು ಒತ್ತೊತ್ತಾಗಿ ಬಂದವು. ಹಳೇ ಕಾಂಡ ಮತ್ತೆ ಗಿಡ್ಡ ಆಗುವುದಿಲ್ಲ ಬಿಡಿ, ತುದಿ ಕತ್ತರಿಸಿ ಬೇರೆ ನೆಟ್ಟೆ.

ಹಾಗಾದರೆ ಸಕ್ಯುಲೆಂಟ್‌ಗೆಂದೇ ಬೇರೆ ಗೊಬ್ಬರ ಬೇಕಾ? ಖಂಡಿತಾ ಬೇಕು ಅಂತ ಹೇಳಲಾರೆ. ಕಳೆದ ವರ್ಷ ಎರಡು ಲೋಳೆಸರದ ಕುಂಡಕ್ಕೆ ಮನೆಗಿಡಗಳಿಗೆ ಹಾಕುವ ಸಾಮಾನ್ಯ 10-10-10 ಗೊಬ್ಬರವನ್ನೇ ಕಾಲು ಡೋಸ್ ಮಾಡಿ ಹಾಕಿ ನೋಡಿದೆ. ಬೆಳೆದದ್ದರಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಮನೆಯಲ್ಲಿ ಅದು ಮೊದಲೇ ಇದ್ದರೆ ಅದನ್ನೇ ತೆಳ್ಳಗೆ ಮಾಡಿ ಬಳಸಿ. ಈ ಬಾಟಲಿಯ ಲಾಭ ಒಂದೇ: ಸಾರಜನಕ ಕಡಿಮೆ ಇರುವುದರಿಂದ ಅಳತೆ ಸ್ವಲ್ಪ ಹೆಚ್ಚು ಕಡಿಮೆಯಾದರೂ ಗಿಡ ಮೆತ್ತಗಾಗುವ ಭಯ ಕಡಿಮೆ. ಹಾಗಂತ ನನ್ನ ಥರ ವಾರವಾರ ಸುರಿದರೆ ಇದೂ ಕಾಪಾಡಲ್ಲ.

ಬಾಟಲಿಯ ಬಗ್ಗೆ ತಕರಾರುಗಳೂ ಇವೆ. ಮುಚ್ಚಳದೊಳಗಿನ ಅಳತೆ ಗೆರೆ ಕಣ್ಣಿಗೆ ಕಾಣುವುದೇ ಇಲ್ಲ, ಸೂಜಿ ಇಲ್ಲದ 5 ಮಿ.ಲೀ. ಸಿರಿಂಜ್ ಇಟ್ಟುಕೊಂಡಿದ್ದೇನೆ. ಬಗ್ಗಿಸಿದಾಗಲೆಲ್ಲಾ ಒಂದು ಹನಿ ಬಾಟಲಿಯ ಕತ್ತಿನ ಮೇಲೆ ಇಳಿದು ಅಂಟಾಗುತ್ತದೆ. ತುಂಬಾ ದಿನ ಇಟ್ಟರೆ ತಳದಲ್ಲಿ ಹರಳು ಕೂರುತ್ತದೆ, ಬೆಚ್ಚಗಿನ ನೀರಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ ಅಲ್ಲಾಡಿಸಿದರೆ ಕರಗುತ್ತದೆ. ಎಲೆ ಮೇಲೆ ಹಾಕಬೇಡಿ ಅಂತ ಲೇಬಲ್‌ನಲ್ಲಿ ಎಲ್ಲೂ ಹೇಳಿಲ್ಲ, ಹೇಳಬೇಕಿತ್ತು. ಎಚೆವೆರಿಯಾ ಎಲೆ ಮೇಲೆ ಬೂದಿ ಸವರಿದಂಥ ಪದರ ಇರುತ್ತಲ್ವಾ, ಹನಿ ಬಿದ್ದ ಕಡೆ ಅದು ಕದಡಿ ಕಲೆ ಉಳಿಯುತ್ತದೆ. ಆ ಎಲೆ ಉದುರುವ ತನಕ ಕಲೆ ಹಾಗೇ.

ತರುವುದಾದರೆ ಸಿಗುವುದರಲ್ಲಿ ಅತಿ ಚಿಕ್ಕ ಬಾಟಲಿ ತನ್ನಿ. ಬರೀ ನೀರು ಕುಡಿದು ಬೆಳೆದ ಆ ಜೇಡ್‌ಗೆ ಹೋದ ತಿಂಗಳು ಮೊದಲ ಸಲ ಅರ್ಧ ಡೋಸ್ ಕೊಟ್ಟೆ. ಇವತ್ತು ನೋಡಿದರೆ ತುದಿಯಲ್ಲಿ ಜೋಡಿ ಎಲೆ ಎದ್ದಿದೆ, ಅಕ್ಕಿಕಾಳಿನಷ್ಟು.