ಕಾರಿನೊಳಗಿನ ಪೆಟ್ರೋಲ್ ವಾಸನೆ: ದಾವಣಗೆರೆಯ ಹಳೇ ಪಿ.ಬಿ. ರಸ್ತೆ ಬಳಿಯ ಗ್ಯಾರೇಜಿನ ಕೆಲಸ ಹೇಗಿದೆ

ಕಾರಿನೊಳಗೆ ಪೆಟ್ರೋಲ್ ವಾಸನೆ ಬರುತ್ತಿದೆ ಎಂದ ಕೂಡಲೇ ಬಾನೆಟ್ ಎತ್ತದೆ, ಮೊದಲು ಗಾಡಿಯವರನ್ನು ಕೂರಿಸಿ ವಿಚಾರಿಸುವ ಗ್ಯಾರೇಜುಗಳು ಕಡಿಮೆ. ಹಳೇ ಪಿ.ಬಿ. ರಸ್ತೆಯಿಂದ ಒಳಕ್ಕೆ ತಿರುಗುವ ಅಡ್ಡರಸ್ತೆಯೊಂದರಲ್ಲಿ, ಬೋರ್ಡು ಕೂಡ ಸರಿಯಾಗಿ ಕಾಣದ ಈ ಸಣ್ಣ ಗ್ಯಾರೇಜಿಗೆ ನಾನು ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಅದರಲ್ಲಿ ಹೆಚ್ಚಿನ ಪಾಲು ಆ ವಿಚಾರಣೆಗೇ ಸಲ್ಲಬೇಕು.

ನಮ್ಮದು 2016ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಚಿತ್ರದುರ್ಗದ ಕಡೆಗೆ ಹೊರಡುವಾಗ ಟ್ಯಾಂಕ್ ಫುಲ್ ಮಾಡಿಸಿದರೆ, ಹೆದ್ದಾರಿ ಸೇರುವಷ್ಟರಲ್ಲಿ ಹಿಂದಿನ ಸೀಟಿನವರು ಕಿಟಕಿ ಇಳಿಸಲು ಶುರು ಮಾಡುತ್ತಿದ್ದರು. ಟ್ಯಾಂಕ್ ಅರ್ಧಕ್ಕೆ ಇಳಿದ ಮೇಲೆ ವಾಸನೆ ತಾನಾಗಿಯೇ ಇಲ್ಲವಾಗುತ್ತಿತ್ತು. ಇದಕ್ಕೂ ಮೊದಲು ತೋರಿಸಿದ್ದ ಬೇರೊಂದು ವರ್ಕ್‌ಶಾಪಿನವರು ಟ್ಯಾಂಕಿನ ಮುಚ್ಚಳ ಬದಲಿಸಿ, ಇಂಜೆಕ್ಟರ್ ಕ್ಲೀನಿಂಗ್ ಎಂದು ಬಿಲ್ಲಿಗೆ ಸೇರಿಸಿ, ಡ್ಯಾಶ್‌ಬೋರ್ಡಿನ ಮೇಲೆ ಪರ್ಫ್ಯೂಮ್ ಡಬ್ಬಿಯೊಂದನ್ನು ಇಟ್ಟು ಕಳುಹಿಸಿದ್ದರು.

ಇಲ್ಲಿನ ಹಿರಿಯ ಮೆಕ್ಯಾನಿಕ್ ಕೇಳಿದ ಮೊದಲ ಮಾತೇ, “ಟ್ಯಾಂಕ್ ತುಂಬಿದಾಗ ಮಾತ್ರ ಬರುತ್ತೇನ್ರೀ ಸರ್, ಇಲ್ಲಾ ಯಾವಾಗ್ಲೂನಾ?” ಎಂಬುದು. ಬಳಿಕ, ನಿಂತ ಗಾಡಿಯಲ್ಲೋ ಓಡುವ ಗಾಡಿಯಲ್ಲೋ, ಮುಂದೆಯೋ ಹಿಂದೆಯೋ, ಏಸಿಯಲ್ಲಿ ಹೊರಗಿನ ಗಾಳಿ ಬಿಟ್ಟಾಗ ಹೆಚ್ಚುತ್ತದೆಯೋ ಎಂದು ಒಂದೊಂದಾಗಿ ವಿಚಾರಿಸಿದರು. ಇವು ಕಾಲಹರಣದ ಪ್ರಶ್ನೆಗಳಲ್ಲ. ಹೊರಗಿನ ಗಾಳಿ ವಿಂಡ್‌ಶೀಲ್ಡಿನ ಬುಡದಿಂದ ಒಳಬರುವುದರಿಂದ, ಇಂಜಿನ್ನಿಗೆ ಪೆಟ್ರೋಲ್ ಚಿಮುಕಿಸುವ ಇಂಜೆಕ್ಟರಿನ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಉಂಗುರ) ಅಥವಾ ಇಂಜಿನ್ ಬಳಿಯ ಪೆಟ್ರೋಲ್ ಪೈಪ್ ಜಿನುಗುತ್ತಿದ್ದರೆ ವಾಸನೆ ಏಸಿಯ ಮೂಲಕ ಮುಂದಿನವರಿಗೆ ಮೊದಲು ತಟ್ಟುತ್ತದೆ. ಟ್ಯಾಂಕ್ ತುಂಬಿದಾಗಷ್ಟೇ, ಅದೂ ಹಿಂದಿನವರಿಗೆ ಬರುತ್ತಿದ್ದರೆ, ಟ್ಯಾಂಕಿನ ಮೇಲ್ಭಾಗವನ್ನೇ ಶಂಕಿಸಬೇಕಾಗುತ್ತದೆ. ಏಕೆಂದರೆ ಮಟ್ಟ ಇಳಿದ ಮೇಲೆ, ತಿರುವಿನಲ್ಲಿ ತುಳುಕಿದರೂ ಪೆಟ್ರೋಲ್ ಅಲ್ಲಿಯವರೆಗೆ ಮುಟ್ಟುವುದಿಲ್ಲ.

ಪೆಟ್ರೋಲ್ ಆವಿ ಗಾಳಿಗಿಂತ ಭಾರವಾದದ್ದು, ನೆಲಮಟ್ಟದಲ್ಲಿ ಮತ್ತು ಗುಂಡಿಗಳಲ್ಲಿ ಸೇರಿಕೊಳ್ಳುತ್ತದೆ. ಹಾಗಾಗಿ ಅವರು ಸರ್ವಿಸ್ ಗುಂಡಿಯ ಮೇಲೆ ಗಾಡಿ ನಿಲ್ಲಿಸದೆ ಅಂಗಳದ ತುದಿಗೆ ಒಯ್ದರು. ಪಕ್ಕದಲ್ಲೇ ವೆಲ್ಡಿಂಗ್ ಅಂಗಡಿ ಇರುವ ಜಾಗದಲ್ಲಿ ಇದು ಅಗತ್ಯವೂ ಆಗಿತ್ತು. ಹಿಂದಿನ ಸೀಟು ಎತ್ತಿ, ಅದರಡಿಯ ತಗಡಿನ ಮುಚ್ಚಳ ಬಿಚ್ಚಿ, ಟ್ಯಾಂಕಿನ ಮೇಲ್ಭಾಗದಲ್ಲಿ ಕೂರಿಸಿರುವ ಪೆಟ್ರೋಲ್ ಪಂಪಿನ ಸುತ್ತಲಿನ ಧೂಳನ್ನು ಬಟ್ಟೆಯಿಂದ ಒರೆಸಿ, ಟಾಲ್ಕಂ ಪೌಡರ್ ಉದುರಿಸಿದರು. ಕಾರನ್ನು ಅಂಗಳದಲ್ಲೇ ಒಮ್ಮೆ ಹಿಂದಕ್ಕೂ ಮುಂದಕ್ಕೂ ಜರ್ಕ್ ಕೊಟ್ಟು ನಿಲ್ಲಿಸಿದಾಗ, ಬಿಳಿ ಪುಡಿಯ ಮೇಲೆ ಪಂಪನ್ನು ಟ್ಯಾಂಕಿಗೆ ಬಿಗಿಯುವ ಲಾಕ್ ರಿಂಗಿನ ಬಲಬದಿಗೆ ಬೆರಳಗಲದ ಒದ್ದೆ ಗೆರೆಯೊಂದು ನಿಧಾನವಾಗಿ ಮೂಡಿತು. ಸೋರಿಕೆ ಎಲ್ಲಿ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಮುಂದಿನದು ರಿಪೇರಿ. ಪಂಪಿನ ಫ್ಯೂಸ್ ತೆಗೆದು, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಲೈನಿನ ಒತ್ತಡ ಇಳಿಸಿದರು; ಬಳಿಕ ಬ್ಯಾಟರಿಯ ನೆಗೆಟಿವ್ ಬಿಚ್ಚಿದರು. ತುಸು ಪೆಟ್ರೋಲನ್ನು ಕ್ಯಾನಿಗೆ ಇಳಿಸಿ, ಕೊನೆಗೆ ನಮ್ಮ ಕಣ್ಣೆದುರೇ ಮತ್ತೆ ಟ್ಯಾಂಕಿಗೆ ಸುರಿದರು. ಪಂಪಿನಡಿಯಿಂದ ಹೊರಬಂದ, ಸೋರದಂತೆ ತಡೆಯುವ ಕಪ್ಪು ರಬ್ಬರ್ ಗ್ಯಾಸ್ಕೆಟ್ ಉಬ್ಬಿ, ತನ್ನದೇ ಜಾಗದಲ್ಲಿ ಮತ್ತೆ ಕೂರದಷ್ಟು ದೊಡ್ಡದಾಗಿತ್ತು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಪಡೆದ, ಶೇ. 20ರಷ್ಟು ಎಥನಾಲ್ ಬೆರೆತ ಇ20 ಪೆಟ್ರೋಲ್ ಈಗ ಎಲ್ಲ ಬಂಕುಗಳಿಗೂ ಬಂದಿರುವುದರಿಂದ, ಹಳೆಯ ಗಾಡಿಗಳ ರಬ್ಬರ್ ಭಾಗಗಳ ಮೇಲೆ ಕಣ್ಣಿಡಬೇಕೆಂದು ಅವರು ಹೇಳಿದರು. ನಮ್ಮ ಗ್ಯಾಸ್ಕೆಟ್ ಅದರಿಂದಲೇ ಕೆಟ್ಟಿತೆಂದು ಅವರೂ ಹೇಳಲಿಲ್ಲ, ನಾನೂ ಹೇಳಲಾರೆ. ವಯಸ್ಸಾದ ರಬ್ಬರಿಗೆ ಕಾರಣಗಳು ಹಲವು. ಏನೇ ಆದರೂ, ಒಮ್ಮೆ ತೆಗೆದ ಗ್ಯಾಸ್ಕೆಟನ್ನೇ ಒತ್ತಿ ಕೂರಿಸುವವರಿದ್ದಾರೆ. ಇವರು ಹೊಸದು ಬರುವವರೆಗೆ ಗಾಡಿ ಮುಟ್ಟಲಿಲ್ಲ.

ಬಂಕಿನಲ್ಲಿ ನಳಿಕೆ ತಾನಾಗಿ ಕಟ್ ಆದ ಮೇಲೂ ರೌಂಡ್ ಫಿಗರಿಗೆಂದು ತುಂಬಿಸುವ ರೂಢಿಯನ್ನು ಬಿಡಿ ಎಂದೂ ಹೇಳಿದರು. ಆವಿಯನ್ನು ಹಿಡಿದಿಡುವ ಇದ್ದಿಲಿನ ಕ್ಯಾನಿಸ್ಟರಿಗೆ ದ್ರವ ಪೆಟ್ರೋಲ್ ನುಗ್ಗಿದರೆ ಅದು ಹಾಳಾಗುತ್ತದೆ, ಮತ್ತು ಅದರ ಬೆಲೆ ಗ್ಯಾಸ್ಕೆಟಿನಂತೆ ಅಗ್ಗವಲ್ಲ.

ಕೆಲಸ ಮುಗಿದ ಮೇಲೆ ಟ್ಯಾಂಕ್ ಫುಲ್ ಮಾಡಿಸಿ, ಹದಡಿ ರಸ್ತೆಯಲ್ಲಿ ಓಡಿಸಿ, ಕಿಟಕಿ ಮುಚ್ಚಿ ಬಿಸಿಲಿನಲ್ಲಿ ನಿಲ್ಲಿಸಿ ಪರೀಕ್ಷಿಸಿಯೇ ಕೊಟ್ಟರು. ಗ್ಯಾಸ್ಕೆಟ್‌ಗೆ 280 ರೂಪಾಯಿ, ಲೇಬರ್ 900 ರೂಪಾಯಿ. ಹುಡುಕಿದ್ದಕ್ಕೆ ಬೇರೆ ಹಣವಿಲ್ಲ. ನನ್ನ ಮಟ್ಟಿಗೆ ಇದು ನ್ಯಾಯವಾದ ದರ, ವಾಸ್ತವವಾಗಿ ಹುಡುಕುವ ಬುದ್ಧಿಗೆ ಇನ್ನೂ ಸ್ವಲ್ಪ ಕೇಳಬಹುದಿತ್ತು.

ಒಂದು ಅಂಕ ಕಡಿಮೆಯಾದದ್ದಕ್ಕೆ ಕಾರಣಗಳಿವೆ. ಮುದ್ರಿತ ಬಿಲ್ ಇಲ್ಲ, ಕೇಳಿದ ಮೇಲಷ್ಟೇ ಚೀಟಿಯಲ್ಲಿ ಬರೆದುಕೊಟ್ಟರು. ಗ್ಯಾಸ್ಕೆಟ್ ಬೆಂಗಳೂರಿನಿಂದ ಬರಬೇಕೆಂಬುದನ್ನು ಮೊದಲೇ ತಿಳಿಸಲಿಲ್ಲ. ಕೂರಲು ಇರುವುದು ಒಂದೇ ಬೆಂಚು, ಅದರ ಮೇಲೂ ಹಳೆಯ ಟೈರುಗಳು. ವೆಲ್ಡಿಂಗ್ ಅಂಗಡಿಯ ಕಿಡಿಗಳಿಗೆ ತಗಡಿನ ಅಡ್ಡಗೋಡೆಯನ್ನಾದರೂ ಅವರು ಕಟ್ಟಿಸಲೇಬೇಕು. ಹೋಗುವವರು ಮೊದಲೇ ಫೋನ್ ಮಾಡಿ, ಗಾಡಿಯ ಮಾಡೆಲ್ ಮತ್ತು ವರ್ಷ ತಿಳಿಸಿ, ಬಿಡಿಭಾಗ ಊರಲ್ಲೇ ಸಿಗುತ್ತದೆಯೇ ಎಂದು ಕೇಳಿಕೊಂಡು ಹೊರಡುವುದು ಒಳ್ಳೆಯದು. ಸೋರಿಕೆ ನೆಲಕ್ಕೆ ತೊಟ್ಟಿಕ್ಕುವಷ್ಟಿದ್ದರೆ ಗಾಡಿಯನ್ನು ಸ್ಟಾರ್ಟ್ ಮಾಡದೆ, ಇದ್ದಲ್ಲಿಂದಲೇ ಎಳೆಸಿಕೊಂಡು ಹೋಗಬೇಕು.